ಗೆಲ್ಲಲಾಗದ ಆಟ

ಆಸ್ಪತ್ರೆಯ ಕೋಣೆ. ರಾತ್ರಿ ಬಹಳ ಹೊತ್ತಾಗಿದೆ. ಪುಟ್ಟ ಮಗುವೊಂದು ಒಂದೇ ಸಮನೆ ಅಳುತ್ತಿದೆ. ಅಪ್ಪ ಅದನ್ನು ಎತ್ತಿಕೊಂಡು ತೂಗುತ್ತಾನೆ, ಕೋಣೆಯ ಉದ್ದಕ್ಕೂ ಅಡ್ಡಾಡುತ್ತಾನೆ, ಹಣ್ಣಿನ ರಸ ಕುಡಿಸಲು ನೋಡುತ್ತಾನೆ. ಅಳು ಮಾತ್ರ ನಿಲ್ಲುವುದಿಲ್ಲ. ಇದು ಕಂಪ್ಯೂಟರ್ ಆಟವೊಂದರ ದೃಶ್ಯ. ಅಪ್ಪನನ್ನು ನಡೆಸುತ್ತಿರುವವನು ಮೌಸ್ ಹಿಡಿದು ಕುಳಿತ ಆಟಗಾರ. ಅವನು ಎಲ್ಲಿ ಒತ್ತಿದರೂ ಫಲವಿಲ್ಲ.

2016ರ ಜನವರಿ 12ರಂದು ಬಿಡುಗಡೆಯಾದ ಈ ಆಟದ ಹೆಸರು ‘ದಟ್ ಡ್ರ್ಯಾಗನ್, ಕ್ಯಾನ್ಸರ್’. ಅದನ್ನು ರೂಪಿಸಿದವರು ಅಮೆರಿಕದ ಕೊಲೊರಾಡೊ ರಾಜ್ಯದ ರಯಾನ್ ಗ್ರೀನ್, ಅವರ ಪತ್ನಿ ಏಮಿ ಹಾಗೂ ಜೋಶ್ ಲಾರ್ಸನ್ ಮೊದಲಾದ ಗೆಳೆಯರು. ಅಳುವ ಮಗು ಗ್ರೀನ್ ದಂಪತಿಗಳ ಮಗ ಜೋಯಲ್. ಒಂದು ವರ್ಷದ ಆಸುಪಾಸಿನಲ್ಲೇ ಅವನಿಗೆ ಮೆದುಳಿನ ಅಪರೂಪದ ಕ್ಯಾನ್ಸರ್ ಗಡ್ಡೆ ಇರುವುದು ಪತ್ತೆಯಾಯಿತು. ಹೆಚ್ಚು ದಿನ ಉಳಿಯಲಾರನೆಂದು ವೈದ್ಯರು ಹೇಳಿದ್ದರೂ ಐದು ತುಂಬುವವರೆಗೆ ಬದುಕಿದ. ಆಟದ ಕೆಲಸ ಆರಂಭವಾದಾಗ ಮಗು ಇತ್ತು. 2014ರ ಮಾರ್ಚಿನಲ್ಲಿ ಅದು ತೀರಿಕೊಂಡ ಮೇಲೆ ಬಹುಭಾಗವನ್ನು ಹೊಸದಾಗಿ ಮಾಡಬೇಕಾಯಿತು. ಬಿಡುಗಡೆಯ ದಿನ ಜೋಯಲ್‌ನ ಹುಟ್ಟುಹಬ್ಬ. ಇದ್ದಿದ್ದರೆ ಅವನಿಗೆ ಏಳು ತುಂಬುತ್ತಿತ್ತು.

ಕ್ಯಾನ್ಸರ್ ಚಿಕಿತ್ಸೆಯ ಸಂಕಟವನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಕೀಮೋಥೆರಪಿಯ ಅನೇಕ ಔಷಧಿಗಳು ಬೇಗ ಬೇಗ ವಿಭಜನೆಯಾಗುವ ಜೀವಕೋಶಗಳ ಮೇಲೆ ಎರಗುತ್ತವೆ. ಕ್ಯಾನ್ಸರ್ ಕೋಶ ಹಾಗೆ ಬೆಳೆಯುವಂಥದ್ದೇ. ಆದರೆ ಕೂದಲ ಬುಡದ ಕೋಶಗಳೂ ಬಾಯಿ, ಕರುಳುಗಳ ಒಳಪದರದ ಕೋಶಗಳೂ ಅದೇ ಜಾತಿಯವು. ಔಷಧಿಗೆ ಭೇದ ಗೊತ್ತಾಗುವುದಿಲ್ಲ. ಹೀಗಾಗಿ ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ವಾಂತಿ ಕಾಡುತ್ತದೆ. ಆಟದಲ್ಲೊಂದು ಕಡೆ ಜೋಯಲ್‌ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಯ ಮೊಗಸಾಲೆಗಳಲ್ಲಿ ರೇಸ್ ಓಡಿಸುವುದಿದೆ. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಆಟಗಾರ ಉತ್ಸಾಹದಿಂದ ಬಾಚಿಕೊಳ್ಳುತ್ತಾನೆ. ಓಟ ಮುಗಿದಾಗ ಪಟ್ಟಿ ಕಾಣಿಸಿಕೊಳ್ಳುತ್ತದೆ: ಬಾಚಿಕೊಂಡದ್ದೆಲ್ಲ ಆ ಮಗುವಿನ ಮೈ ಸೇರಿದ ಔಷಧಿಗಳು!

ಗ್ರೀನ್ ಅವರಿಗೆ ಈ ಆಟ ಹೊಳೆದದ್ದು ಅಂಥದೇ ಒಂದು ರಾತ್ರಿಯ ಅನುಭವದಿಂದ. ಮಗುವಿನ ಮೈಯಲ್ಲಿ ನೀರಿನಂಶ ಕಡಿಮೆಯಾಗಿತ್ತು, ಕುಡಿದದ್ದು ನಿಲ್ಲುತ್ತಿರಲಿಲ್ಲ, ಏನು ಮಾಡಿದರೂ ಅಳು ತಗ್ಗಲಿಲ್ಲ. ಕೊನೆಗೆ ದೇವರನ್ನು ಪ್ರಾರ್ಥಿಸಿದಾಗ ಅದು ಶಾಂತವಾಗಿ ನಿದ್ದೆ ಹೋಯಿತಂತೆ. ಗ್ರೀನ್ ದಂಪತಿ ಶ್ರದ್ಧಾವಂತ ಕ್ರೈಸ್ತರು. ಆ ನಂಬಿಕೆಯೂ ಅದರೊಡನೆ ಬರುವ ಸಂಶಯವೂ ಆಟದೊಳಗೆ ಮುಚ್ಚುಮರೆಯಿಲ್ಲದೆ ಬಂದಿವೆ.

ಸಾಮಾನ್ಯ ಆಟದ ಕಟ್ಟಳೆ ಎಲ್ಲ ಹುಡುಗರಿಗೂ ಗೊತ್ತು. ಸರಿಯಾದ ಗುಂಡಿ ಒತ್ತಿದರೆ ಶತ್ರು ಬೀಳಬೇಕು, ಸೋತರೆ ಮತ್ತೊಮ್ಮೆ ಪ್ರಯತ್ನಿಸಿ ಗೆಲ್ಲಬೇಕು. ಗ್ರೀನ್ ಈ ಕಟ್ಟಳೆಯನ್ನೇ ಮುರಿದರು. ಜೋಯಲ್ ಪುಟ್ಟ ವೀರನಾಗಿ ಡ್ರ್ಯಾಗನ್ನಿನೊಡನೆ ಕಾದುವ ಭಾಗವೂ ಇದೆ. ಎಷ್ಟು ಚುರುಕಾಗಿ ಆಡಿದರೂ ಆ ಪ್ರಾಣಿ ಸಾಯುವುದಿಲ್ಲ. ಅಸಹಾಯಕತೆ ಎಂಬುದನ್ನು ಕಥೆಗಾರನೊಬ್ಬ ನೂರು ಪುಟಗಳಲ್ಲಿ ವರ್ಣಿಸಿಯಾನು. ಓದುಗ ಅದನ್ನು ಇನ್ನೊಬ್ಬರ ಕಷ್ಟವೆಂದು ಓದುತ್ತಾನೆ. ಇಲ್ಲಿ ಒತ್ತುವ ಬೆರಳು ತನ್ನದೇ, ಸೋಲುವುದೂ ತಾನೇ.

ಸುಮಾರು ಎರಡು ಗಂಟೆಯಲ್ಲಿ ಮುಗಿಯುವ ಈ ಆಟಕ್ಕೆ ಸಾರ್ವಜನಿಕರು 1 ಲಕ್ಷ ಡಾಲರಿಗೂ ಹೆಚ್ಚು ವಂತಿಗೆ ಕೊಟ್ಟರು. ಹಣ ಕೊಟ್ಟವರಲ್ಲಿ ಹಲವರು ತಾವು ಕಳೆದುಕೊಂಡವರ ನೆನಪಿಗೆ ಪತ್ರ, ಚಿತ್ರಗಳನ್ನೂ ಕಳಿಸಿದರು. ಆಟದ ಆಸ್ಪತ್ರೆಯಲ್ಲಿ ಅವು ಕಾರ್ಡುಗಳಾಗಿ ತುಂಬಿಕೊಂಡಿವೆ. ನಿಂತು ಓದಬಹುದು, ದಾಟಿ ಹೋಗಲೂಬಹುದು. 2017ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಬಂತು. ವಿಚಿತ್ರವೆಂದರೆ ಬೇರೆಯವರು ಆಡಿದ್ದನ್ನು ವಿಡಿಯೊದಲ್ಲಿ ನೋಡಿ ಕಣ್ಣೊರೆಸಿಕೊಂಡವರು ಲಕ್ಷಾಂತರ ಮಂದಿ, ಕೊಂಡು ಆಡಿದವರು ಕಡಿಮೆ. ಗ್ರೀನ್ ಇದನ್ನು ನೊಂದುಕೊಂಡೇ ಹೇಳಿಕೊಂಡರು. ಹಣದ ಮಾತು ಹಾಗಿರಲಿ, ಕೈಕಟ್ಟಿ ನೋಡಿದವನಿಗೆ ಆ ಬೆರಳಿನ ಸೋಲು ದಕ್ಕಲಾರದು.

ಇಂಥ ಆಟ ಇದೊಂದೇ ಅಲ್ಲ. ಇಂಗ್ಲೆಂಡಿನ ನಿಂಜಾ ಥಿಯರಿ ಸಂಸ್ಥೆ 2017ರಲ್ಲಿ ತಂದ ‘ಹೆಲ್‌ಬ್ಲೇಡ್’ನ ನಾಯಕಿ ಸೆನುವಾಗೆ ಇಲ್ಲದ ದನಿಗಳು ಕೇಳಿಸುತ್ತವೆ. ಕೇಂಬ್ರಿಜ್‌ನ ಮನೋವೈದ್ಯ ಪ್ರೊ. ಪಾಲ್ ಫ್ಲೆಚರ್ ಮತ್ತು ಅಂಥ ಕಾಯಿಲೆಯನ್ನು ಸ್ವತಃ ಅನುಭವಿಸಿದವರ ಸಲಹೆ ಅದಕ್ಕಿತ್ತು. ಹೆಡ್‌ಫೋನ್ ಹಾಕಿಕೊಂಡರೆ ಆ ಪಿಸುಮಾತು ಒಮ್ಮೆ ಎಡಗಿವಿಯ ಹಿಂದೆ, ಒಮ್ಮೆ ಬಲಕ್ಕೆ. ಯುರೋಪಿನಲ್ಲಿ ಇದು 18 ದಾಟಿದವರಿಗೆ ಮಾತ್ರ ಎಂಬ ಗುರುತು ಪಡೆದ ಆಟ. ಹೈಸ್ಕೂಲು ಮಕ್ಕಳ ಪಾಲಕರು ಈ ವಯಸ್ಸಿನ ಗುರುತನ್ನು ನೋಡಿಯೇ ಕೊಡಿಸಬೇಕು.

ಮನೆಮಂದಿಯೆಲ್ಲ ಕುಳಿತು ಆಡುವಂಥದು ಬೇಕೆಂದರೆ ಕೆನಡಾದ ಟೊರಾಂಟೊದಿಂದ 2023ರಲ್ಲಿ ಬಂದ ‘ವೆಂಬಾ’ ಇದೆ. ತಮಿಳುನಾಡಿನಿಂದ ಅಲ್ಲಿಗೆ ಹೋದ ವೆಂಬಾ ಎಂಬ ಹೆಣ್ಣುಮಗಳ ಕಥೆ, ಆರಂಭ 1988ರಲ್ಲಿ. ಮೊದಲು ಬೇಯಿಸಬೇಕಾದದ್ದು ಇಡ್ಲಿ! ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಜೋಡಿಸಬೇಕೆಂಬುದೇ ಒಗಟು. ಕುಳಿಯ ನೇರಕ್ಕೆ ಕುಳಿ ಬಂದರೆ ಹಬೆ ಮೇಲೇರಲು ದಾರಿಯಿರುವುದಿಲ್ಲ, ತಟ್ಟೆ ತಿರುಗಿಸಿ ಇಡಬೇಕು. ಅಮ್ಮನ ಹಳೆಯ ಅಡುಗೆ ಪುಸ್ತಕದಲ್ಲಿ ಅಲ್ಲಲ್ಲಿ ಅಕ್ಷರ ಅಳಿಸಿದೆ, ಅದನ್ನು ವೆಂಬಾ ಊಹಿಸಿಕೊಳ್ಳುತ್ತಾಳೆ. ಮಗ ಕವಿನ್ ಬೆಳೆದಂತೆ ಮನೆಯ ಮಾತಿನಿಂದ ದೂರವಾಗುತ್ತಾನೆ, ಅಮ್ಮನಿಂದಲೂ. ವರ್ಷಗಳು ಕಳೆದ ಮೇಲೆ ಅದೇ ಪುಸ್ತಕ ಕವಿನ್‌ನ ಕೈಗೆ ಬರುತ್ತದೆ, ಆಟಗಾರ ಈಗ ಕವಿನ್. ಅಳಿಸದೆ ಉಳಿದ ಅಕ್ಷರಗಳೂ ಅವನಿಗೆ ಕಷ್ಟ. ಒಲೆ ಹಚ್ಚಿ, ಒಂದೊಂದೇ ಪದ ಕೂಡಿಸಿಕೊಂಡು ಓದಬೇಕು.