ಕೀಲೆಣ್ಣೆಯ ಪರೀಕ್ಷೆಯೂ ಅದರ ಆಯ್ಕೆಯೂ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆಯನ್ನು ಹಾಕುವವನು ಅದರ ಗುಣವನ್ನು ಬೆರಳಿನಿಂದಲೇ ತಿಳಿಯುವನು. ಹಾಕುವುದು ತಡವಾದರೆ ಗಾಡಿಯೇ ಕಿರುಗುಟ್ಟಿ ಎಚ್ಚರಿಸುವುದು. ನಿಮಿಷಕ್ಕೆ ಎಂಟು ಸಾವಿರ ಸುತ್ತು ತಿರುಗುವ ಎಂಜಿನಿನಲ್ಲಿ ಈ ಎರಡು ಅನುಕೂಲಗಳೂ ಇಲ್ಲ. ಅಲ್ಲಿ ಎಣ್ಣೆಯ ಗುಣವು ಬೆರಳಿಗೆ ತಿಳಿಯದು; ಸದ್ದು ಕೇಳಿಬರುವ ಹೊತ್ತಿಗೆ ದುರಸ್ತಿಯ ಕಾಲವು ಮೀರಿರುವುದು. ಆದುದರಿಂದಲೇ ಅತಿವೇಗದ ಕಾರುಗಳನ್ನು ಇಟ್ಟುಕೊಂಡವರು, ಬಳಸಿದ ಎಣ್ಣೆಯ ಸ್ವಲ್ಪ ಭಾಗವನ್ನು ರಸಾಯನಶಾಲೆಗೆ ಕಳುಹಿಸಿ ಪರೀಕ್ಷೆ ಮಾಡಿಸುವ ಪದ್ಧತಿಯು ಬಳಕೆಗೆ ಬಂದಿದೆ. ಈ ಪರೀಕ್ಷೆಯಿಂದ ತಿಳಿಯುವುದೇನು, ತಿಳಿಯದಿರುವುದೇನು, ಎಣ್ಣೆಯ ಆಯ್ಕೆಗೆ ಅದು ಎಷ್ಟರ ಮಟ್ಟಿಗೆ ಆಧಾರವಾಗಬಲ್ಲುದು ಎಂಬುದನ್ನು ಇಲ್ಲಿ ವಿಚಾರಿಸಲಾಗುವುದು.

೧

ಎಣ್ಣೆಯು ಲೋಹವನ್ನು ಜಾರುವಂತೆ ಮಾಡುವುದೆಂದು ಹೇಳಿದರೆ ಅರ್ಧ ಮಾತ್ರ ಹೇಳಿದಂತಾಯಿತು. ಇಂಗ್ಲೆಂಡಿನ ಬೀಚಮ್ ಟವರ್ ಎಂಬಾತನು ರೈಲ್ವೆ ಅಚ್ಚುಗಳ ಘರ್ಷಣೆಯನ್ನು ಪರೀಕ್ಷಿಸುತ್ತಿದ್ದಾಗ, ಎಣ್ಣೆ ಹನಿಸುವುದಕ್ಕೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರವನ್ನು ಕೊರೆಯಿಸಿದನು. ಅಚ್ಚು ತಿರುಗತೊಡಗಿದೊಡನೆ ಎಣ್ಣೆಯು ಒಳಗೆ ಹೋಗುವುದಕ್ಕೆ ಬದಲಾಗಿ ಆ ರಂಧ್ರದಿಂದ ಮೇಲಕ್ಕೆ ಉಕ್ಕಿತು. ಬಿರಡೆಯಿಂದ ಮುಚ್ಚಿದರೆ ಬಿರಡೆಯೇ ಹೊರಕ್ಕೆ ತಳ್ಳಲ್ಪಟ್ಟಿತು. ೧೮೮೩ರಲ್ಲಿ ಪ್ರಕಟವಾದ ಈ ಪರಿಶೋಧನೆಯ ಮೇಲೆ ಓಸ್ಬರ್ನ್ ರೆನಾಲ್ಡ್ಸ್ ೧೮೮೬ರಲ್ಲಿ ತನ್ನ ಸಿದ್ಧಾಂತವನ್ನು ಕಟ್ಟಿದನು. ಅದೇನೆಂದರೆ, ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಇಕ್ಕಟ್ಟಿನೊಳಕ್ಕೆ ಎಳೆದುಕೊಂಡು ಬೆಣೆಯಂತೆ ನುಗ್ಗಿಸುವುದು. ಆ ಒತ್ತಡವು ಅಚ್ಚನ್ನೇ ಎತ್ತಿ ಹಿಡಿಯುವುದು. ಸುಸ್ಥಿತಿಯಲ್ಲಿರುವ ಬೇರಿಂಗಿನಲ್ಲಿ ಲೋಹಕ್ಕೆ ಲೋಹ ತಗಲುವುದೇ ಇಲ್ಲ. ನಡುವಣ ತೆಳುಪೊರೆಯೇ ಭಾರವನ್ನೆಲ್ಲ ಹೊರುವುದು.

ಈ ಪೊರೆಯ ದಪ್ಪವು ಎಣ್ಣೆಯ ಸ್ನಿಗ್ಧತೆಯನ್ನು, ಎಂದರೆ ಹರಿವಿಗೆ ಅದು ಒಡ್ಡುವ ತಡೆಯನ್ನು, ಅವಲಂಬಿಸಿದೆ. ಎಸ್.ಎ.ಇ. ಎಂಬ ಅಮೆರಿಕದ ಎಂಜಿನಿಯರುಗಳ ಸಂಘವು ೧೯೧೧ರಲ್ಲಿ ಆರಂಭಿಸಿದ ವರ್ಗೀಕರಣವು ಅನೇಕ ಸಲ ತಿದ್ದುಪಡಿಯಾಗಿ ಇಂದಿಗೂ ನಡೆದುಬಂದಿದೆ. ನೂರು ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ೯.೩ರಿಂದ ೧೨.೫ ಸೆಂಟಿಸ್ಟೋಕ್ಸಿನೊಳಗಿರುವ ಎಣ್ಣೆಯು ೩೦ನೆಯ ದರ್ಜೆಯದು, ೧೨.೫ರಿಂದ ೧೬.೩ರೊಳಗಿನದು ೪೦, ೧೬.೩ರಿಂದ ೨೧.೯ರೊಳಗಿನದು ೫೦, ೨೧.೯ರಿಂದ ೨೬.೧ರೊಳಗಿನದು ೬೦. ಡಬ್ಬಿಯ ಮೇಲೆ ‘ಡಬ್ಲ್ಯು’ ಅಕ್ಷರದ ಹಿಂದಿರುವ ಅಂಕಿಯು ಚಳಿಯಲ್ಲಿನ ನಡತೆಯನ್ನು ಸೂಚಿಸುವುದು. ವೇಗದ ಎಂಜಿನಿಗೆ ಇವುಗಳಿಗಿಂತ ಮುಖ್ಯವಾದ ಇನ್ನೊಂದು ಅಳತೆಯುಂಟು: ನೂರೈವತ್ತು ಡಿಗ್ರಿಯಲ್ಲಿ, ತೀವ್ರವಾದ ಉಜ್ಜಾಟದ ನಡುವೆ ಉಳಿಯುವ ಸ್ನಿಗ್ಧತೆ. ಇದು ೩೦ರ ದರ್ಜೆಗೆ ಕನಿಷ್ಠಪಕ್ಷ ೨.೯ ಮಿಲಿಪ್ಯಾಸ್ಕಲ್-ಸೆಕೆಂಡೂ, ೫೦ ಮತ್ತು ೬೦ರ ದರ್ಜೆಗಳಿಗೆ ೩.೭ ಮಿಲಿಪ್ಯಾಸ್ಕಲ್-ಸೆಕೆಂಡೂ ಇರಬೇಕೆಂದು ವಿಧಿಸಲಾಗಿದೆ.

೨

ಪ್ರತಿಯೊಂದು ಧಾತುವೂ ಉರಿದಾಗ ತನಗೇ ವಿಶಿಷ್ಟವಾದ ಬಣ್ಣದ ಗೆರೆಗಳನ್ನು ಬೀರುವುದೆಂಬುದನ್ನು ಬುನ್ಸೆನ್ ಮತ್ತು ಕಿರ್ಕಾಫ್ ಎಂಬ ಜರ್ಮನ್ ವಿದ್ವಾಂಸರು ೧೮೬೦ರ ಸುಮಾರಿಗೆ ಸ್ಥಾಪಿಸಿದರು. ಈ ರೋಹಿತವಿದ್ಯೆಯನ್ನು ಎಂಜಿನಿನ ಎಣ್ಣೆಗೆ ಅನ್ವಯಿಸಿದವರಲ್ಲಿ ಅಮೆರಿಕದ ಡೆನ್ವರ್ ಮತ್ತು ರಿಯೊ ಗ್ರಾಂಡ್ ರೈಲ್ವೆಯವರು ಮೊದಲಿಗರು. ಅವರು ೧೯೪೬ರಲ್ಲಿ ಡೀಸೆಲ್ ಎಂಜಿನುಗಳ ಎಣ್ಣೆಯಲ್ಲಿದ್ದ ಲೋಹಾಂಶವನ್ನು ಅಳೆದು, ಎಂಜಿನನ್ನು ಬಿಚ್ಚದೆಯೇ ಅದರ ಒಳರೋಗವನ್ನು ಗುರುತಿಸಿದರು. ಮುಂದಿನ ದಶಕದಲ್ಲಿ ಆ ದೇಶದ ನೌಕಾದಳವು ವಿಮಾನದ ಎಂಜಿನುಗಳಿಗೆ ಇದೇ ಕ್ರಮವನ್ನು ಅಳವಡಿಸಿಕೊಂಡಿತು.

ಪರೀಕ್ಷೆಯ ವರದಿಯಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುವುವು. ಮೊದಲನೆಯದು ಸವೆತದ ಲೋಹಗಳು. ಕಬ್ಬಿಣವು ಸಿಲಿಂಡರ್, ಕ್ಯಾಮ್, ಕ್ರ್ಯಾಂಕುಗಳಿಂದಲೂ, ಅಲ್ಯೂಮಿನಿಯಂ ಪಿಸ್ಟನ್ನಿನಿಂದಲೂ, ಸೀಸ ತವರ ತಾಮ್ರಗಳು ಬೇರಿಂಗುಗಳಿಂದಲೂ ಬರುವುವು. ಇವುಗಳ ಪ್ರಮಾಣವನ್ನು ದಶಲಕ್ಷಕ್ಕೆ ಇಷ್ಟು ಭಾಗವೆಂದು ಹೇಳುವರು. ಎರಡನೆಯದು ಹೊರಗಿನ ಕಲ್ಮಷ: ಸಿಲಿಕಾನ್ ಹೆಚ್ಚಿದ್ದರೆ ಗಾಳಿಯ ಸೋಸುಕದಿಂದ ಧೂಳು ನುಗ್ಗಿರಬಹುದು; ಸೋಡಿಯಂ ಅಥವಾ ಪೊಟ್ಯಾಸಿಯಂ ಹೆಚ್ಚಿದ್ದರೆ ತಂಪುನೀರು ಸೋರಿರಬಹುದು; ಪೆಟ್ರೋಲು ಬೆರೆತಿದ್ದರೆ ಸ್ನಿಗ್ಧತೆಯು ಇಳಿದಿರುವುದು. ಮೂರನೆಯದು ಎಣ್ಣೆಯ ಸ್ವಂತ ಸ್ಥಿತಿ: ಸ್ನಿಗ್ಧತೆ, ಆಮ್ಲವನ್ನು ಶಮನಗೊಳಿಸುವ ಕ್ಷಾರಶಕ್ತಿ, ಮತ್ತು ಸತು, ರಂಜಕ, ಕ್ಯಾಲ್ಸಿಯಂ ಮೊದಲಾದ ಸೇರಿಕೆಗಳು.

ಸೇರಿಕೆಗಳ ವಿಷಯದಲ್ಲಿಯೂ ‘ಹೆಚ್ಚಾದಷ್ಟೂ ಒಳ್ಳೆಯದು’ ಎಂಬ ನಿಯಮವಿಲ್ಲ. ಸತು-ರಂಜಕಗಳ ಸಂಯುಕ್ತವು ಪೊರೆ ಹರಿದ ಕಡೆ ಲೋಹವನ್ನು ಕಾಯುವುದು ನಿಜ. ಆದರೆ ರಂಜಕವು ಹೊಗೆಯನ್ನು ಶುದ್ಧಿಮಾಡುವ ವೇಗವರ್ಧಕವನ್ನು ಕೆಡಿಸುವುದರಿಂದ, ೨೦೦೪ರ ಜಿ.ಎಫ್.-೪ ಎಂಬ ಕಟ್ಟಳೆಯು ಅದನ್ನು ದಶಲಕ್ಷಕ್ಕೆ ೬೦೦ರಿಂದ ೮೦೦ ಭಾಗಗಳೊಳಗೆ ಇರಿಸಿತು. ಟರ್ಬೊ ಉಳ್ಳ ಕೆಲವು ಎಂಜಿನುಗಳಲ್ಲಿ ಕ್ಯಾಲ್ಸಿಯಂ ಅಧಿಕವಾದರೆ ಇಂಧನವು ಅಕಾಲದಲ್ಲಿ ಹೊತ್ತಿಕೊಳ್ಳುವ ಸಂಭವವು ಹೆಚ್ಚುವುದೆಂದು ಕಂಡುಬಂದುದರಿಂದ, ಇದನ್ನು ತಡೆಯುವುದಕ್ಕಾಗಿ ೨೦೧೮ರಲ್ಲಿ ಎಸ್.ಎನ್. ಪ್ಲಸ್ ಎಂಬ ಹೊಸ ದರ್ಜೆಯು ಬಂದಿತು.

೩

ವರದಿಯ ಅಂಕಿಗಳನ್ನು ಓದುವುದು ತಾಳೆಗರಿಯ ಪಾಠವನ್ನು ಓದುವಂತೆಯೇ ಜಾಗರೂಕತೆಯ ಕೆಲಸ. ಒಂದೇ ಪ್ರತಿಯನ್ನು ನೆಚ್ಚಿ ಪಾಠವನ್ನು ನಿರ್ಣಯಿಸುವವನು ಹೇಗೆ ಮೋಸಹೋಗುವನೋ, ಒಂದೇ ವರದಿಯನ್ನು ನೆಚ್ಚಿ ಎಂಜಿನಿನ ಆರೋಗ್ಯವನ್ನು ನಿರ್ಣಯಿಸುವವನೂ ಹಾಗೆಯೇ ಮೋಸಹೋಗುವನು.

ಮೊದಲನೆಯ ಎಚ್ಚರಿಕೆಯು ದೂರಕ್ಕೆ ಸಂಬಂಧಪಟ್ಟುದು. ಒಬ್ಬನ ಎಣ್ಣೆಯಲ್ಲಿ ಎಂಟು ಸಾವಿರ ಕಿಲೋಮೀಟರ್ ಓಡಿದ ಮೇಲೆ ಕಬ್ಬಿಣವು ೧೬ ಭಾಗವೂ, ಇನ್ನೊಬ್ಬನದರಲ್ಲಿ ನಾಲ್ಕು ಸಾವಿರ ಕಿಲೋಮೀಟರಿಗೆ ೧೨ ಭಾಗವೂ ಕಂಡಿತೆಂದು ಭಾವಿಸಬಹುದು. ಹದಿನಾರು ಹನ್ನೆರಡಕ್ಕಿಂತ ದೊಡ್ಡದಾದರೂ, ಸಾವಿರ ಕಿಲೋಮೀಟರಿಗೆ ಲೆಕ್ಕಹಾಕಿದರೆ ಮೊದಲನೆಯದು ಎರಡು, ಎರಡನೆಯದು ಮೂರು.

ಎರಡನೆಯ ಎಚ್ಚರಿಕೆಯು ಉಪಕರಣದ ಮಿತಿ. ರೋಹಿತಮಾಪಕವು ಅತಿಸೂಕ್ಷ್ಮ ಕಣಗಳನ್ನು ಮಾತ್ರ ಚೆನ್ನಾಗಿ ಕಾಣುವುದು. ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಿಂತ ದೊಡ್ಡ ಚೂರುಗಳು ಬಹುಮಟ್ಟಿಗೆ ಅದರ ಕಣ್ಣಿಗೆ ಬೀಳವು. ಬೇರಿಂಗು ಪದರಪದರವಾಗಿ ಕಿತ್ತುಬರುತ್ತಿರುವಾಗಲೂ ವರದಿಯು ಸೌಮ್ಯವಾಗಿರಬಹುದು. ಆದುದರಿಂದ ಎಣ್ಣೆಯ ಸೋಸುಕವನ್ನು ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ನೋಡುವ ಹಳೆಯ ಕ್ರಮವನ್ನು ಬಿಡಲಾಗದು.

ಮೂರನೆಯದು ಎಲ್ಲಕ್ಕಿಂತ ಗಹನವಾದುದು. ಅದಕ್ಕೆ ಮ್ಯೂನಿಕ್ಕಿನ ಬಿ.ಎಂ.ಡಬ್ಲ್ಯು. ಸಂಸ್ಥೆಯ ಎಸ್.೬೫ ಎಂಬ ಎಂಜಿನೇ ಉದಾಹರಣೆ. ೨೦೦೭ರಿಂದ ೨೦೧೩ರವರೆಗೆ ಎಂ೩ ಕಾರುಗಳಲ್ಲಿ ಬಂದ ಈ ಎಂಟು ಸಿಲಿಂಡರಿನ ಎಂಜಿನು ನಿಮಿಷಕ್ಕೆ ೮೪೦೦ ಸುತ್ತಿನವರೆಗೂ ತಿರುಗುವುದು. ಅದಕ್ಕೆ ವಿಧಿಸಿದ ಎಣ್ಣೆಯು ೧೦ಡಬ್ಲ್ಯು-೬೦. ಇದರ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ಅವಧಿಗೆ ಮುನ್ನ ಸವೆಯುವುದನ್ನು ಕಂಡ ಒಡೆಯರು ಎಣ್ಣೆಯ ವರದಿಯಲ್ಲಿ ಸೀಸವನ್ನು ಹುಡುಕತೊಡಗಿದರು. ಮೊದಲ ವರ್ಷಗಳ ಬೇರಿಂಗು ಸೀಸ-ತಾಮ್ರದ್ದಾದುದರಿಂದ ಅದು ಸರಿಯಾದ ದಾರಿಯೇ ಆಗಿತ್ತು. ಆದರೆ ವಾಹನಗಳಲ್ಲಿ ಸೀಸವನ್ನು ನಿಷೇಧಿಸಿದ ಐರೋಪ್ಯ ಒಕ್ಕೂಟದ ಕಟ್ಟಳೆಯು ಬೇರಿಂಗುಗಳಿಗೆ ಕೊಟ್ಟಿದ್ದ ವಿನಾಯಿತಿಯು ಮುಗಿಯುತ್ತ ಬಂದಿತು. ಕಡೆಯ ವರ್ಷಗಳ ಎಂಜಿನುಗಳಿಗೆ ತವರ-ಅಲ್ಯೂಮಿನಿಯಂ ಬೇರಿಂಗುಗಳು ಬಂದುವು. ಅಂತಹ ಕಾರಿನ ವರದಿಯಲ್ಲಿ ‘ಸೀಸ ಸೊನ್ನೆ’ ಎಂದಿದ್ದರೆ ಅದು ಆರೋಗ್ಯದ ಲಕ್ಷಣವಲ್ಲ. ಇಲ್ಲದ ವಸ್ತುವು ಕಾಣಲಿಲ್ಲವೆಂಬಷ್ಟೇ ಅರ್ಥ. ಅಲ್ಯೂಮಿನಿಯಮ್ಮನ್ನು ನೋಡಬೇಕೆಂದರೆ ಪಿಸ್ಟನ್ನೂ ಅದೇ ಲೋಹ, ಸಿಲಿಂಡರಿನ ಒಡಲೂ ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹ. ಯಾವ ಭಾಗವನ್ನು ಯಾವ ಲೋಹದಿಂದ ಮಾಡಿದೆ ಎಂಬುದನ್ನು ಅರಿಯದೆ ವರದಿಯನ್ನು ಓದುವುದು, ಭಾಷೆಯನ್ನರಿಯದೆ ಲಿಪಿಯನ್ನು ಓದಿದಂತೆ.

೪

ಹಾಗಾದರೆ ಎಣ್ಣೆಯನ್ನು ಆರಿಸುವ ಕ್ರಮವೇನು? ಎಂಜಿನನ್ನು ನಿರ್ಮಿಸಿದವರು ಒಪ್ಪಿದ ದರ್ಜೆಯೇ ಆರಂಭಸ್ಥಾನ; ವರದಿಯು ಅದನ್ನು ಪರಿಶೀಲಿಸುವ ಸಾಧನವೇ ಹೊರತು ಅದಕ್ಕೆ ಪ್ರತಿನಿಧಿಯಲ್ಲ. ಬಳಿಕ ಹೊಸ ಎಣ್ಣೆಯನ್ನೇ ಒಮ್ಮೆ ಪರೀಕ್ಷಿಸಿ ಮೂಲದ ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಎಂಜಿನು ಬಿಸಿಯಾಗಿರುವಾಗ, ಹೊರಹರಿಯುವ ಎಣ್ಣೆಯ ಮೊದಲ ಧಾರೆಯನ್ನು ಬಿಟ್ಟು ನಡುವಣ ಧಾರೆಯಿಂದ ಮಾದರಿಯನ್ನು ಹಿಡಿಯಬೇಕು. ಸಮಾನ ದೂರಗಳಲ್ಲಿ ಮೂರು ನಾಲ್ಕು ವರದಿಗಳಾದರೂ ಕೈಸೇರುವವರೆಗೆ ಎಣ್ಣೆಯನ್ನು ಬದಲಿಸಬಾರದು.

ಆಗ ಕೇಳಬೇಕಾದ ಪ್ರಶ್ನೆಗಳು ಎರಡು. ಎಣ್ಣೆಯು ತನ್ನ ದರ್ಜೆಯಲ್ಲಿಯೇ ನಿಂತಿತೆ? ೧೧ ಸೆಂಟಿಸ್ಟೋಕ್ಸಿನಿಂದ ಹೊರಟ ೩೦ರ ಎಣ್ಣೆಯು ೮.೫ಕ್ಕೆ ಇಳಿದಿದ್ದರೆ ಅದು ಹೆಸರಿಗೆ ಮಾತ್ರ ೩೦, ಕೆಲಸದಲ್ಲಿ ೨೦ರದು. ಪೆಟ್ರೋಲು ಬೆರೆತು ಹೀಗಾಯಿತೊ, ಎಣ್ಣೆಗೆ ಮೈಕೊಟ್ಟ ಉದ್ದನೆಯ ಅಣುಸರಗಳು ಉಜ್ಜಾಟದಲ್ಲಿ ತುಂಡಾಗಿ ಹೀಗಾಯಿತೊ ಎಂಬುದನ್ನು ಇಂಧನಾಂಶವು ತೋರಿಸಿಕೊಡುವುದು. ಮೊದಲನೆಯದಾದರೆ ಸರಿಪಡಿಸಬೇಕಾದುದು ಎಂಜಿನನ್ನು, ಇಲ್ಲವೆ ಎಣ್ಣೆ ಬದಲಿಸುವ ಅವಧಿಯನ್ನು; ಎರಡನೆಯದಾದರೆ ಎಣ್ಣೆಯನ್ನು. ಎರಡನೆಯ ಪ್ರಶ್ನೆ: ಕ್ಷಾರಶಕ್ತಿಯು ಎಷ್ಟು ಉಳಿದಿದೆ? ಅದು ಬಹಳ ಇಳಿದಿದ್ದರೆ ಅವಧಿಯನ್ನು ಕುಗ್ಗಿಸಬೇಕು.

ಸವೆತದ ಲೋಹಗಳಲ್ಲಿ ನಾಲ್ಕೈದು ಭಾಗಗಳ ವ್ಯತ್ಯಾಸವನ್ನು ಹಿಡಿದು ಒಂದು ಎಣ್ಣೆ ಇನ್ನೊಂದಕ್ಕಿಂತ ಮೇಲೆಂದು ತೀರ್ಪು ಕೊಡುವುದು ಮಾತ್ರ ಯುಕ್ತವಲ್ಲ. ಹಳೆಯ ಎಣ್ಣೆಯ ಶೇಷ, ಋತುಮಾನ, ಚಾಲಕನ ಕೈ, ಹೊಸ ಎಣ್ಣೆಯು ತೊಳೆದು ತಂದ ಹಳೆಯ ಕೊಳೆ, ಇವೆಲ್ಲವೂ ಆ ಅಂಕಿಯಲ್ಲಿ ಸೇರಿರುವುವು. ಒಂದೇ ಎಂಜಿನಿನಲ್ಲಿ ಕ್ರಮವಾಗಿ ಬಂದ ವರದಿಗಳ ಸಾಲಿನಲ್ಲಿ ಯಾವುದಾದರೊಂದು ಲೋಹವು ಹಠಾತ್ತನೆ ಏರಿದರೆ ಅದು ನಿಜವಾದ ಎಚ್ಚರಿಕೆ. ಎಣ್ಣೆಯು ತಾನು ಹಾದುಬಂದ ಎಡೆಗಳ ಸಮಾಚಾರವನ್ನು ಹೊತ್ತು ತರುವುದು. ಆದರೆ ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುವುದು. ಸರಿಯಾದ ಪ್ರಶ್ನೆಯನ್ನು ಕೇಳುವ ಹೊಣೆಯು ಓದುವವನದು.