ಅರಳು ಮರಳಿನ ಶುಶ್ರೂಷೆ: ಕಲಿಸುವುದೇನನ್ನು?

ಅರವತ್ತಕ್ಕೆ ಅರಳು ಮರಳು ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಮುಪ್ಪಿನೊಡನೆ ಮರೆವು ಬರುವುದು ಸಹಜವೆಂಬ ಭಾವನೆ ಅದರ ಹಿಂದೆ ಇದೆ. ಕನ್ನಡಕವನ್ನು ಎಲ್ಲಿಟ್ಟೆನೆಂದು ಹುಡುಕುವುದು ಮುಪ್ಪಿನ ಮರೆವೇ ಸರಿ. ಆದರೆ ಕನ್ನಡಕವಿರುವುದು ಏತಕ್ಕೆಂಬುದೇ ತಿಳಿಯದಾದರೆ ಅದು ರೋಗ. ಮಿದುಳಿನ ಜೀವಕೋಶಗಳು ನಾಶವಾಗುತ್ತ ಬಂದು, ನೆನಪು, ಮಾತು, ವಿವೇಚನೆಗಳು ಕುಂದಿ, ನಿತ್ಯಜೀವನವೇ ಸಾಗದಂತಾಗುವ ಸ್ಥಿತಿಯನ್ನು ವೈದ್ಯರು ಡಿಮೆನ್ಷಿಯ ಎನ್ನುವರು. ಜರ್ಮನಿಯ ಆಲೋಯಿಸ್ ಅಲ್ಜೈಮರ್ 1906ರಲ್ಲಿ ವಿವರಿಸಿದ ರೋಗ ಇದಕ್ಕೆ ಮುಖ್ಯ ಕಾರಣ. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಮಂದಿಗೆ ಇದು ಉಂಟೆಂದು 2023ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಅಲ್ಜೈಮರ್ ರೋಗವನ್ನು ಗುಣಪಡಿಸುವ ಔಷಧವಿಲ್ಲ, ಉಳಿದಿರುವುದು ಶುಶ್ರೂಷೆ. ಶುಶ್ರೂಷೆ ಮಾಡುವವರಿಗೆ ಕರುಣೆಯೊಂದಿದ್ದರೆ ಸಾಲದೆ? ಕಲಿಸಬೇಕಾದದ್ದಾದರೂ ಏನು?

ಇಂಗ್ಲೆಂಡಿನ ಅನುಭವವನ್ನು ನೋಡೋಣ. ಅಲ್ಲಿ ಇಂಥ ವೃದ್ಧರಲ್ಲಿ ಅನೇಕರು ಶುಶ್ರೂಷಾಲಯಗಳಲ್ಲಿ ವಾಸಿಸುವರು. ಸ್ನಾನಕ್ಕೆ ಕರೆದೊಯ್ದರೆ ಕೂಗುವುದು, ಕೈಯೆತ್ತಿ ಹೊಡೆಯಹೋಗುವುದು, ಸಂಜೆಯಾಗುತ್ತಲೇ ಮನೆಗೆ ಹೋಗಬೇಕೆಂದು ಬಾಗಿಲ ಬಳಿ ನಿಲ್ಲುವುದು, ಇವು ಪರಿಚಾರಕರು ನಿತ್ಯವೂ ಎದುರಿಸುವ ತೊಡಕುಗಳು. ಚಿತ್ತವಿಕಾರದ ರೋಗಿಗಳಿಗಾಗಿ ತಯಾರಾದ ಔಷಧಗಳನ್ನು ಇವರಿಗೂ ಕೊಟ್ಟು ಸುಮ್ಮನಾಗಿಸುವುದು ಬಹುಕಾಲ ನಡೆದುಬಂದ ಪದ್ಧತಿ. 2009ರಲ್ಲಿ ಪ್ರೊಫೆಸರ್ ಸುಬೆ ಬ್ಯಾನರ್ಜಿಯವರು ಬ್ರಿಟಿಷ್ ಸರಕಾರಕ್ಕಾಗಿ ಬರೆದ ವರದಿಯ ಪ್ರಕಾರ, ಡಿಮೆನ್ಷಿಯ ಇದ್ದ ಸುಮಾರು 1,80,000 ಮಂದಿ ವರ್ಷವೊಂದರಲ್ಲಿ ಈ ಔಷಧಗಳನ್ನು ಸೇವಿಸುತ್ತಿದ್ದರು. ಅವರ ಪೈಕಿ ಏನಾದರೂ ಪ್ರಯೋಜನ ಪಡೆಯುತ್ತಿದ್ದವರು 36,000ದಷ್ಟು ಮಾತ್ರ. ಔಷಧದಿಂದಲೇ ಸಂಭವಿಸುತ್ತಿದ್ದ ಅಧಿಕ ಮರಣಗಳು ಸುಮಾರು 1,800. ಪರಿಚಾರಕನಿಗೆ ನಾವು ಏನನ್ನು ಕಲಿಸಿದೆವೆಂಬುದರ ಮೇಲೆ ಪ್ರಾಣಗಳೇ ನಿಂತಿವೆ ಎಂದರೆ ಉತ್ಪ್ರೇಕ್ಷೆಯಾಗದು.

ಕಲಿಸುವ ಮೊದಲ ಪಾಠ ಇದು: ಕೂಗಾಟವು ರೋಗಿಯ ಕೆಟ್ಟ ಸ್ವಭಾವವಲ್ಲ, ಒಂದು ಸೂಚನೆ. ಪ್ರಯೋಗಶಾಲೆಯಲ್ಲಿ ಆಮ್ಮೀಟರಿನ ಮುಳ್ಳು ಹಠಾತ್ತನೆ ಎಗರಿದರೆ ನಾವು ಮುಳ್ಳನ್ನು ಒತ್ತಿ ಹಿಡಿಯುತ್ತೇವೆಯೆ? ವಿದ್ಯುನ್ಮಂಡಲದಲ್ಲಿ ದೋಷವೆಲ್ಲಿದೆಯೆಂದು ಹುಡುಕುತ್ತೇವೆ. ಸ್ನಾನದ ಮನೆಯಲ್ಲಿ ಮುದುಕರೊಬ್ಬರು ಕೂಗಿದರೆಂದುಕೊಳ್ಳೋಣ. ನೀರು ತಣ್ಣಗಿದ್ದೀತು, ಕೀಲು ನೋಯುತ್ತಿದ್ದೀತು, ಅಪರಿಚಿತನೊಬ್ಬನು ಹಿಂದಿನಿಂದ ಬಂದು ಬಟ್ಟೆ ಬಿಚ್ಚುತ್ತಿರುವನೆಂದೇ ಅವರಿಗೆ ಕಂಡೀತು. ನೋವನ್ನು ಮಾತಿನಲ್ಲಿ ಹೇಳುವ ಶಕ್ತಿ ಹೋಗಿದೆ, ನೋವು ಹೋಗಿಲ್ಲ. ಎದುರಿನಿಂದ ಬಂದು, ಅವರ ಕಣ್ಣಿನ ಮಟ್ಟಕ್ಕೆ ಬಾಗಿ, ಹೆಸರು ಹಿಡಿದು ಕರೆದು, ಒಂದು ಸಲಕ್ಕೆ ಒಂದೇ ಮಾತು ಹೇಳಿ, ಉತ್ತರಕ್ಕಾಗಿ ಕಾಯಬೇಕು. ಕೇಳುವುದಕ್ಕೆ ಇದು ಬಹು ಸುಲಭ. ಆದರೆ ಹನ್ನೆರಡು ಮಂದಿಗೆ ಸ್ನಾನ ಮಾಡಿಸಬೇಕಾದ ಮುಂಜಾನೆಯಲ್ಲಿ ಆ ಕಾಯುವಿಕೆಯೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಹೇಗೂ ಮರೆತುಬಿಡುವವರೊಡನೆ ಹೇಗೆ ನಡೆದುಕೊಂಡರೇನು ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ಅಮೆರಿಕದ ಅಯೋವ ವಿಶ್ವವಿದ್ಯಾನಿಲಯದ ಪ್ರಯೋಗವೊಂದು ಚೆನ್ನಾಗಿ ಉತ್ತರ ಕೊಟ್ಟಿದೆ. 2014ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 17 ಮಂದಿ ಅಲ್ಜೈಮರ್ ರೋಗಿಗಳಿಗೂ 17 ಮಂದಿ ಆರೋಗ್ಯವಂತರಿಗೂ ದುಃಖದ ಮತ್ತು ಸಂತೋಷದ ಚಲನಚಿತ್ರಗಳ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲೇ ರೋಗಿಗಳು ನೋಡಿದ್ದನ್ನು ಬಹುಮಟ್ಟಿಗೆ ಮರೆತಿದ್ದರು. ಆದರೆ ಚಿತ್ರ ಹುಟ್ಟಿಸಿದ ಭಾವ ಅರ್ಧ ಗಂಟೆಯವರೆಗೂ ಅವರನ್ನು ಬಿಟ್ಟಿರಲಿಲ್ಲ. ಇನ್ನೂ ವಿಚಿತ್ರವೆಂದರೆ, ಕಡಮೆ ನೆನಪಿದ್ದವರಲ್ಲಿ ದುಃಖ ಹೆಚ್ಚು ಹೊತ್ತು ಉಳಿಯಿತು. ಗದರಿದ ದಾದಿಯ ಮಾತು ಮರೆತುಹೋಗುತ್ತದೆ. ಕಾರಣ ತಿಳಿಯದ ಸಂಕಟ ಮಾತ್ರ ಉಳಿಯುತ್ತದೆ. ಮಧ್ಯಾಹ್ನದ ಕೂಗಾಟದ ಮೂಲ ಎಷ್ಟೋ ವೇಳೆ ಬೆಳಗಿನ ಗದರಿಕೆಯಲ್ಲಿ ಇರಬಹುದೆಂದು ನಮಗೆ ತೋರುತ್ತದೆ.

ಈ ದೃಷ್ಟಿಯನ್ನು ಶುಶ್ರೂಷೆಗೆ ತಂದವರಲ್ಲಿ ಅಗ್ರಗಣ್ಯರು ಬ್ರಾಡ್‌ಫರ್ಡ್ ವಿಶ್ವವಿದ್ಯಾನಿಲಯದ ಟಾಮ್ ಕಿಟ್‌ವುಡ್. ಮಗುವಿನಂತೆ ಕಾಣುವುದು, ಅವಸರಪಡಿಸುವುದು, ಎದುರಿಗಿದ್ದರೂ ಇಲ್ಲದವರಂತೆ ಮಾತಾಡುವುದು, ಹೀಗೆ ರೋಗಿಯ ವ್ಯಕ್ತಿತ್ವವನ್ನು ಕುಗ್ಗಿಸುವ 17 ಬಗೆಯ ನಡತೆಗಳನ್ನು ಅವರು 1997ರ ತಮ್ಮ ಗ್ರಂಥದಲ್ಲಿ ಹೆಸರಿಸಿದರು. ಇವುಗಳನ್ನು ಮಾಡುವವರು ದುಷ್ಟರಲ್ಲವೆಂದೂ ಸ್ಪಷ್ಟಪಡಿಸಿದರು. ಅವರ ಬಳಗ ರೂಪಿಸಿದ ಅಳತೆಯ ವಿಧಾನವೂ ಕುತೂಹಲಕರವಾಗಿದೆ. ತರಬೇತಿ ಹೊಂದಿದ ವೀಕ್ಷಕನು ಶುಶ್ರೂಷಾಲಯದ ಪಡಸಾಲೆಯಲ್ಲಿ ಗಂಟೆಗಟ್ಟಲೆ ಕುಳಿತು, ಪ್ರತಿ ಐದು ನಿಮಿಷಕ್ಕೊಮ್ಮೆ ಒಬ್ಬೊಬ್ಬ ರೋಗಿಯೂ ಏನು ಮಾಡುತ್ತಿರುವನು, ಅವನ ಮನಃಸ್ಥಿತಿ ಹೇಗಿದೆ ಎಂದು ಗುರುತುಹಾಕುತ್ತಾನೆ. ಮನಃಸ್ಥಿತಿಯ ಅಂಕಗಳು -5, -3, -1, +1, +3, +5. ಸೊನ್ನೆಯಿಲ್ಲದ ಅಳತೆಗೋಲು ಭೌತವಿಜ್ಞಾನಿಗಳಾದ ನಮಗೆ ಸ್ವಲ್ಪ ಮುಜುಗರ ತರುತ್ತದೆ! ಹರ್ಷವೂ ಇಲ್ಲದೆ ದುಃಖವೂ ಇಲ್ಲದೆ ಸುತ್ತಣದನ್ನು ಗಮನಿಸುತ್ತಿರುವವನಿಗೆ ಇಲ್ಲಿ +1 ಸಲ್ಲುತ್ತದೆ. ಈ ದಾಖಲೆಯನ್ನು ಪರಿಚಾರಕರ ಮುಂದೆಯೇ ಇಟ್ಟು ಚರ್ಚಿಸುವುದು ತರಬೇತಿಯ ಭಾಗ.

ಫಲ ಕಂಡಿತೆ? ಲಂಡನ್, ನ್ಯೂಕಾಸಲ್, ಆಕ್ಸ್‌ಫರ್ಡ್ ಪ್ರದೇಶಗಳ 12 ಶುಶ್ರೂಷಾಲಯಗಳಲ್ಲಿ ನಡೆದ ಪ್ರಯೋಗವೊಂದು 2006ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಕಡೆ ಹತ್ತು ತಿಂಗಳ ಕಾಲ ಪರಿಚಾರಕರ ಜೊತೆಯಲ್ಲೇ ಇದ್ದು ಕಲಿಸಿದರು. ವರ್ಷಾಂತ್ಯಕ್ಕೆ ತರಬೇತಿಯಿದ್ದ ಕಡೆ ಶೇಕಡ 23.0ರಷ್ಟು ಮಂದಿ, ಇಲ್ಲದ ಕಡೆ ಶೇಕಡ 42.1ರಷ್ಟು ಮಂದಿ ಆ ಔಷಧಗಳನ್ನು ಸೇವಿಸುತ್ತಿದ್ದರು. ಔಷಧ ಇಳಿದರೂ ಉದ್ರೇಕ ಹೆಚ್ಚಲಿಲ್ಲ. ಇದಕ್ಕೆ ವಿರುದ್ಧವಾಗಿ, ಐದು ನಿಮಿಷದ ವೀಕ್ಷಣೆಯ ವಿಧಾನವನ್ನು 50 ಶುಶ್ರೂಷಾಲಯಗಳಲ್ಲಿ ಪರೀಕ್ಷಿಸಿದ ಪ್ರಯೋಗ 2020ರಲ್ಲಿ ಪ್ರಕಟವಾದಾಗ ಯಾವ ಲಾಭವೂ ಕಾಣಲಿಲ್ಲ. ಆದರೆ ವಿಧಾನವನ್ನು ತಕ್ಕಮಟ್ಟಿಗೆ ಪಾಲಿಸಿದ ಸಂಸ್ಥೆಗಳು ಕಾಲುಭಾಗದಷ್ಟು ಮಾತ್ರ. ಅರ್ಧ ಕುಡಿದ ಔಷಧದಿಂದ ಔಷಧದ ಗುಣವನ್ನು ನಿರ್ಣಯಿಸುವುದು ಕಷ್ಟ. ಆದರೂ ಕಲಿತವರೇ ಕೆಲಸ ಬಿಟ್ಟುಹೋಗುವ ಕಡೆ ಯಾವ ವಿಧಾನ ತಾನೆ ನಿಂತೀತು?

152 ಲೇಖನಗಳನ್ನು ಪರಿಶೀಲಿಸಿದ 2017ರ ಸಮೀಕ್ಷೆಯೊಂದರಿಂದ, ಪುಸ್ತಿಕೆಯನ್ನೋ ಗಣಕಯಂತ್ರದ ಪಾಠವನ್ನೋ ಒಬ್ಬಂಟಿಯಾಗಿ ಓದಿಕೊಳ್ಳುವುದು ಸಾಲದೆಂದು ತಿಳಿದುಬಂದಿತು. ನುರಿತ ಶಿಕ್ಷಕನ ಎದುರಿನಲ್ಲಿ, ಸಲಕ್ಕೆ ಒಂದೂವರೆ ಗಂಟೆಯಂತಾದರೂ, ಒಟ್ಟು ಎಂಟು ಗಂಟೆಗಳಿಗೆ ಕಡಮೆಯಿಲ್ಲದೆ ಕಲಿಯಬೇಕು. ಟಿಪ್ಪಣಿ ಓದಿಯೇ ಪ್ರಾಯೋಗಿಕ ಪರೀಕ್ಷೆಗೆ ಬರುವ ವಿದ್ಯಾರ್ಥಿಗಳನ್ನು ಕಂಡ ನಮಗೆ ಇದು ಆಶ್ಚರ್ಯವಲ್ಲ.

ನಮ್ಮ ದೇಶದಲ್ಲಾದರೋ ಪರಿಚಾರಕರು ಬಹುಮಟ್ಟಿಗೆ ಮನೆಯವರೇ: ಹೆಂಡತಿ, ಮಗಳು, ಸೊಸೆ. ವಿಶ್ವ ಆರೋಗ್ಯ ಸಂಸ್ಥೆ ಇಂಥವರಿಗಾಗಿ ರೂಪಿಸಿದ ಅಂತರ್ಜಾಲದ ಪಾಠವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 151 ಮಂದಿಯೊಡನೆ ಪರೀಕ್ಷಿಸಿ, 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಡುವೆ ಬಿಟ್ಟವರು ಬಹಳ. ಉಳಿದವರಲ್ಲಿ ಶುಶ್ರೂಷೆಯ ಹೊರೆಯೇನೂ ಗಣನೀಯವಾಗಿ ಇಳಿಯಲಿಲ್ಲ. ರೋಗಿಯನ್ನು ಒಬ್ಬ ವ್ಯಕ್ತಿಯೆಂದು ಕಾಣುವ ದೃಷ್ಟಿ ಮಾತ್ರ ಸುಧಾರಿಸಿತ್ತು.