ತಲೆಯಾಡಿಸಿದವರೆಲ್ಲ ಒಪ್ಪಿದವರಲ್ಲ

ಗೋಣಿಕೊಪ್ಪಲಿನ ಕಾಫಿ ಬೆಳೆಗಾರರಿಗೆ ಉಪದೇಶದ ಕೊರತೆ ಎಂದೂ ಇಲ್ಲ. ಊರಿನಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಸಮೀಪದ ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ. ಕೀಟ, ರೋಗ, ಗೊಬ್ಬರಗಳ ಬಗ್ಗೆ ಬೆಳೆಗಾರರ ಸಭೆಗಳಲ್ಲಿ ಮಾತನಾಡುತ್ತ ಬಂದವರಲ್ಲಿ ನಾನೂ ಒಬ್ಬ. ಸಭಿಕರ ಸ್ವಭಾವವನ್ನು ಅರಿಯುವ ಪಾಠ ಮಾತ್ರ ನನಗೆ ದೊರೆತದ್ದು, ನಾನು ಸಂಪೂರ್ಣವಾಗಿ ಸೋತ ಒಂದು ಸಭೆಯಿಂದ.

1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ದೇಶದಲ್ಲೇ ಮೊದಲ ಬಾರಿಗೆ ಪತ್ತೆಯಾದ ಕಾಯಿಕೊರಕ, ಕೊಡಗಿಗೂ ಕಾಲಿಟ್ಟಿದ್ದ ದಿನಗಳವು. ಎಳ್ಳಿನಷ್ಟೇ ಇರುವ ಈ ಕಪ್ಪು ದುಂಬಿ ಕಾಯಿಯ ತುದಿಯಲ್ಲಿ ರಂಧ್ರ ಕೊರೆದು ಒಳಗೆ ಮೊಟ್ಟೆಯಿಡುತ್ತದೆ. ಮರಿಗಳು ಬೀಜವನ್ನು ತಿಂದು ಬೆಳೆಯುತ್ತವೆ. ಒಳಸೇರಿದ ಹುಳುವಿಗೆ ಸಿಂಪಡಿಸಿದ ಔಷಧಿ ತಾಗುವುದು ಕಷ್ಟ. ಗಿಡದಲ್ಲಿ ಕಾಯಿ ಉಳಿಸದೆ ಕೊಯ್ಯುವುದು, ನೆಲಕ್ಕೆ ಉದುರಿದ್ದನ್ನು ಹೆಕ್ಕುವುದು, ಹುಳುಬಿದ್ದ ಕಾಯಿಗಳನ್ನು ಎರಡು ಮೂರು ನಿಮಿಷ ಕುದಿನೀರಿನಲ್ಲಿ ಅದ್ದುವುದು: ಇವೇ ಮುಖ್ಯ ಉಪಾಯಗಳು. ಆದರೆ ಒಬ್ಬರು ತೋಟದಲ್ಲಿ ಬಿಟ್ಟ ಕಾಯಿಯೇ ನೆರೆಯವರ ಮುಂದಿನ ಬೆಳೆಗೆ ಮುಳುವಾಗುತ್ತದೆ. ಆದ್ದರಿಂದ ಇಂಥ ಸಭೆಯಲ್ಲಿ ಬಹುಮತ ಸಾಲದು. ಕುಳಿತ ಪ್ರತಿಯೊಬ್ಬರೂ ಮನಸಾರೆ ಒಪ್ಪಬೇಕು.

ಸ್ಲೈಡುಗಳನ್ನು ಸಿದ್ಧಪಡಿಸಿಕೊಂಡು ಹೋಗಿದ್ದೆ. ಕೀಟದ ಜೀವನಚಕ್ರ ಆರಂಭಿಸುತ್ತಿದ್ದಂತೆಯೇ ಮುಂದಿನ ಸಾಲಿನಲ್ಲಿದ್ದ ನಿವೃತ್ತ ಸೇನಾಧಿಕಾರಿಯೊಬ್ಬರು, "ಪೀಠಿಕೆ ಸಾಕು. ಎಷ್ಟು ಆಳು, ಎಷ್ಟು ದಿನ, ಎಷ್ಟು ಖರ್ಚು? ಅದನ್ನು ಹೇಳಿ" ಎಂದರು. ಅದು ಕೊನೆಗೆ ಬರುತ್ತದೆಂದೆ. ಅವರು ಗಡಿಯಾರ ನೋಡತೊಡಗಿದರು. ಪಕ್ಕದಲ್ಲಿದ್ದವರೊಬ್ಬರು ನನ್ನ ಪ್ರತಿ ವಾಕ್ಯಕ್ಕೂ ತಲೆಯಾಡಿಸಿ, "ಖಂಡಿತ ಸಾರ್, ನಾಳೆಯಿಂದಲೇ" ಎನ್ನುತ್ತಿದ್ದರು. ಅವರನ್ನು ನೋಡಿಯೇ ನಾನು ಧೈರ್ಯ ತಂದುಕೊಳ್ಳುತ್ತಿದ್ದೆ.

ನಡುವಿನಿಂದ ಹಿರಿಯ ಬೆಳೆಗಾರರೊಬ್ಬರು ಎದ್ದು, "ಉದುರಿದ್ದನ್ನು ಹೆಕ್ಕಿಸುವ ಕೂಲಿ ಆ ಕಾಫಿಯ ಬೆಲೆಗಿಂತ ಹೆಚ್ಚು. ಈ ನಷ್ಟ ನಿಮ್ಮ ಸ್ಲೈಡಿನಲ್ಲಿ ಎಲ್ಲಿದೆ?" ಎಂದು ಕೇಳಿದರು. ನಾನು ಚುರುಕಾದ ಉತ್ತರವೊಂದನ್ನು ಕೊಟ್ಟೆ. ಸಭೆ ನಕ್ಕಿತು, ಅವರು ಕುಳಿತರು. ಗೆದ್ದೆನೆಂದು ಭಾವಿಸಿದೆ.

ಹೊರಡುವಾಗ ಬಾಗಿಲ ಬಳಿ ಅಷ್ಟು ಹೊತ್ತೂ ಮೌನವಾಗಿ ಕುಳಿತಿದ್ದ ಕಾರ್ಮಿಕ ಮಹಿಳೆಯೊಬ್ಬರು ಹತ್ತಿರ ಬಂದರು. "ಸಾರ್, ಕೊಯ್ಲಿಗೆ ನಮಗೆ ಕೊಡುವುದು ತೂಕದ ಲೆಕ್ಕದಲ್ಲಿ. ಗಿಡದಿಂದ ಕೊಯ್ದರೆ ಚೀಲ ತುಂಬುತ್ತದೆ. ತರಗೆಲೆ ಸರಿಸಿ ಒಂದೊಂದೇ ಹೆಕ್ಕಿದರೆ ಸಂಜೆಗೆ ಕಾಲು ಚೀಲವೂ ಆಗುವುದಿಲ್ಲ. ಯಾರು ಹೆಕ್ಕುತ್ತಾರೆ?" ಎಂದು ಕೇಳಿದರು. ನನ್ನ ಯಾವ ಸ್ಲೈಡಿನಲ್ಲೂ ಇದಕ್ಕೆ ಉತ್ತರವಿರಲಿಲ್ಲ.

ಮುಂದಿನ ಹಂಗಾಮಿನಲ್ಲಿ ಆ ಸುತ್ತಿನಲ್ಲಿ ಹುಳು ಕಡಿಮೆಯಾಗಲಿಲ್ಲ. ತಲೆಯಾಡಿಸಿದವರ ತೋಟದಲ್ಲಿ ಉದುರು ಕಾಯಿ ಹಾಗೆಯೇ ಬಿದ್ದಿತ್ತು. ಹಿರಿಯರು ತಮ್ಮ ಮಾತಿನಂತೆಯೇ ನಡೆದುಕೊಂಡು, ಏನನ್ನೂ ಹೆಕ್ಕಿಸಿರಲಿಲ್ಲ. ಕಷ್ಟಪಟ್ಟು ಹೆಕ್ಕಿಸಿದ ಒಂದಿಬ್ಬರು ಸಣ್ಣ ಬೆಳೆಗಾರರು ನೆರೆಯವರ ಹುಳುವಿಗೆ ತೆರಿಗೆ ಕಟ್ಟಿದ್ದರು.

ಸಭಿಕರನ್ನು ಅವಸರದವರು, ಜಗಳಗಂಟರು, ಮುಖಸ್ತುತಿಯವರು, ಮೌನಿಗಳು ಎಂದು ವಿಂಗಡಿಸಿ, ಪ್ರತಿಯೊಬ್ಬರನ್ನೂ ನಿಭಾಯಿಸುವ ತಂತ್ರ ಹೇಳಿಕೊಡುವ ಪುಸ್ತಕಗಳು ಪೇಟೆಯಲ್ಲಿ ಹೇರಳವಾಗಿವೆ. ಅವು ನಿರುಪಯುಕ್ತವೆನ್ನಲಾರೆ. ಆದರೆ ಸ್ವಭಾವವೆಂದು ನಾವು ಕರೆಯುವುದು ಎಷ್ಟೋ ಸಲ ಅವರವರು ಕಳೆದುಕೊಳ್ಳಲಿರುವುದರ ಲೆಕ್ಕವಷ್ಟೆ. ಹಿರಿಯರದು ಮೊಂಡುತನವಾಗಿರಲಿಲ್ಲ, ಕೂಲಿಯ ಲೆಕ್ಕವಾಗಿತ್ತು. ಮಹಿಳೆಯ ಮೌನವೂ ಸಂಕೋಚವಷ್ಟೇ ಆಗಿರಲಿಲ್ಲ; ಮಾಲೀಕರ ಎದುರು ಕೂಲಿಯ ಮಾತೆತ್ತುವುದು ಸುಲಭವಲ್ಲ. ವಿಚಿತ್ರವೆಂದರೆ ಇಬ್ಬರೂ ಹೇಳಿದ್ದು ಒಂದೇ ಸಂಗತಿಯ ಎರಡು ಬದಿ.

ಮರುವರ್ಷ ಕೊಯ್ಲಿಗೆ ಮುನ್ನ ಅದೇ ಜನರನ್ನು ಸೇರಿಸಿದಾಗ ಸ್ಲೈಡುಗಳನ್ನು ಒಯ್ಯಲಿಲ್ಲ. ಹುಳುಬಿದ್ದ ಒಂದು ಹಿಡಿ ಕಾಯಿ, ಒಂದು ಚಾಕು, ಒಂದು ಭೂತಗನ್ನಡಿ ಕೈಯಿಂದ ಕೈಗೆ ಹೋದವು. ಆಳು, ದಿನ, ಖರ್ಚಿನ ಲೆಕ್ಕವನ್ನು ಮೊದಲೇ ಹೇಳಿ, ಅದನ್ನು ತಿದ್ದಿಕೊಡುವಂತೆ ಸೇನಾಧಿಕಾರಿಗಳನ್ನು ಕೋರಿದೆ. ಹಿಂದಿನ ವರ್ಷದ ಹಗುರ ಮಾತಿಗೆ ಹಿರಿಯರಲ್ಲಿ ಎಲ್ಲರೆದುರು ಕ್ಷಮೆ ಕೇಳಿ, ಮೊದಲ ಮಾತು ಅವರದೇ ಆಗಲೆಂದೆ. ತಲೆಯಾಡಿಸುವವರನ್ನು, "ಯಾವ ದಿನ ಆರಂಭಿಸುತ್ತೀರಿ?" ಎಂದಷ್ಟೇ ಕೇಳಿದೆ, ಅವರು ಮೊದಲ ಬಾರಿಗೆ ಯೋಚಿಸಿದರು. ಬಾಗಿಲ ಬಳಿಯವರ ಪ್ರಶ್ನೆಯನ್ನು, ಯಾರದೆಂದು ಹೇಳದೆ, ನಾನೇ ಸಭೆಯ ಮುಂದಿಟ್ಟೆ.

ಪವಾಡವೇನೂ ನಡೆಯಲಿಲ್ಲ. ಉದುರು ಕಾಯಿಗೆ ತೂಕದ ಬದಲು ದಿನಗೂಲಿ ಕೊಡಲು ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಹಿರಿಯರು ಕೊನೆಯವರೆಗೂ ತಮ್ಮ ಲೆಕ್ಕ ಬಿಡಲಿಲ್ಲ. ಆದರೆ ಏಳುವಾಗ, "ಬೇಲಿ ಬದಿಯ ನಾಲ್ಕು ಸಾಲು ಹೆಕ್ಕಿಸುತ್ತೇನೆ. ಪಕ್ಕದವನಿಗೆ ನನ್ನಿಂದ ತೊಂದರೆಯಾಗಬಾರದು" ಎಂದರು. ಹೇಳಿದಂತೆ ಮಾಡಿದರು ಕೂಡ.

ಕಚೇರಿಯಿರಲಿ, ಬಡಾವಣೆಯ ಸಂಘವಿರಲಿ, ಎಲ್ಲರೂ ಕೈಜೋಡಿಸಬೇಕಾದ ಕೆಲಸದ ಬಗ್ಗೆ ಮಾತನಾಡಲು ನಿಂತಾಗಲೆಲ್ಲ ನನ್ನ ಕಣ್ಣು ಈಗ ತಲೆಯಾಡಿಸುವವರನ್ನು ದಾಟಿ ಬಾಗಿಲ ಬಳಿ ಹೋಗುತ್ತದೆ. ಅಲ್ಲಿ ಕುಳಿತವರ ಪ್ರಶ್ನೆ ಕೇಳಿಸಿಕೊಳ್ಳುವವರೆಗೆ ಸಭೆ ಮುಗಿಯಿತೆಂದು ನಾನು ಎಣಿಸುವುದಿಲ್ಲ.